ಪೇಪರ್ ಜಾಮ್: ತಪ್ಪು ಹಾಳೆಯದ್ದಾ, ಯಂತ್ರದ್ದಾ?

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸಿನಲ್ಲಿ ರಿಲೀಸ್, ಮನೆಯಲ್ಲಿ ಮದುವೆ ಮಾತು, ಹೀಗೆ ಏನೇನೋ ನೆಪ. ಆದರೆ ಈ ಸಲ ಮಳೆಗಾಲದಲ್ಲಿ ಊರಿಗೆ ಹೋಗಿ ಬಂದ ಮೇಲೆ ಬರೆಯದೇ ಇರೋಕೆ ಆಗಲಿಲ್ಲ. ವಿಷಯ ಏನಪ್ಪಾ ಅಂದ್ರೆ, ಪೇಪರ್ ಜಾಮ್. ನಗಬೇಡಿ :-) ಪೂರ್ತಿ ಓದಿ, ಆಮೇಲೆ ಬೇಕಾದ್ರೆ ಬೈಯಿರಿ.

ನಮ್ಮ ಚಿಕ್ಕಪ್ಪನದ್ದು ತೀರ್ಥಹಳ್ಳಿ ಕಡೆ ಒಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ, ಆಧಾರ್, ರೇಷನ್ ಕಾರ್ಡ್, ಮಾರ್ಕ್ಸ್ ಕಾರ್ಡ್, ಇದೇ ದಿನದ ವ್ಯಾಪಾರ. ಭೂಮಿ ಯೋಜನೆ ಬಂದು ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋಗಿ ಎರಡು ದಶಕದ ಮೇಲಾಯ್ತು. ಆದರೂ "ಅರ್ಜಿ ಜೊತೆ ಎರಡು ಜೆರಾಕ್ಸ್ ಇಡಿ" ಅನ್ನೋ ಮಾತು ಇನ್ನೂ ನಿಂತಿಲ್ಲ. ಹಾಗಾಗಿ ಚಿಕ್ಕಪ್ಪನ ಅಂಗಡಿಯೂ ನಿಂತಿಲ್ಲ.

ನಾನು ಹೋದ ದಿನ ಜೋರು ಮಳೆ. ಯಾವುದೋ ಅರ್ಜಿಗೆ ಕೊನೆ ದಿನ ಬೇರೆ, ಅಂಗಡಿ ಮುಂದೆ ಕೊಡೆಗಳ ಸಂತೆ. ಒಬ್ಬರು ವಯಸ್ಸಾದವರು ಅಂಗಿಯೊಳಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿಂದ ನಾಲ್ಕು ಮಡಿಕೆಯ ಒಂದು ಕಾಗದ ಬಿಡಿಸಿ ಕೊಟ್ಟರು. ಅವರ ಜಮೀನಿನ ಹಕ್ಕುಪತ್ರ. ಇಂಥ ಹಳೇ ಕಾಗದಗಳನ್ನು ಚಿಕ್ಕಪ್ಪ ಯಾವತ್ತೂ ಗಾಜಿನ ಮೇಲೆ ಕೈಯಾರೆ ಇಟ್ಟೇ ಜೆರಾಕ್ಸ್ ಮಾಡೋದು. ಅವತ್ತು ಚಿಕ್ಕಪ್ಪ ಇನ್ನೊಬ್ಬರಿಗೆ ಚಿಲ್ಲರೆ ಎಣಿಸುತ್ತಿದ್ದರು. ಗಡಿಬಿಡಿಯಲ್ಲಿ ಅಂಗಡಿ ಹುಡುಗ ಅದನ್ನು ಬೇರೆ ಹಾಳೆಗಳ ಜೊತೆ ಸೇರಿಸಿ ಮೇಲಿನ ಫೀಡರಿಗೆ ಹಾಕಿಬಿಟ್ಟ.

ಮೊದಲು ಒಂದು ಚರಪರ ಸದ್ದು. ಚಿಕ್ಕಪ್ಪ ಚಿಲ್ಲರೆ ಬಿಟ್ಟು ತಿರುಗಿದರು. ನೋಡಿ, ಸದ್ದು ಕೇಳಿದ ತಕ್ಷಣ ಅವರಿಗೆ ಗೊತ್ತಾಗಿತ್ತು. ಯಂತ್ರಕ್ಕೆ ಗೊತ್ತಾಗಲಿಲ್ಲ. ಅದು ಇನ್ನೂ ಅರ್ಧ ಅಡಿ ಎಳೆದು, ಆಮೇಲೆ ನಿಂತು, ಪರದೆ ಮೇಲೆ ಒಂದು ನಂಬರ್ ತೋರಿಸಿತು. ಮುಚ್ಚಳ ತೆಗೆದಾಗ ಹಕ್ಕುಪತ್ರ ಮಡಿಕೆಯ ಗೆರೆಯಲ್ಲೇ ಹರಿದು ಎರಡಾಗಿತ್ತು.

ಅವರು ಗಲಾಟೆ ಮಾಡಲಿಲ್ಲ. "ಇದೊಂದೇ ಇರೋದು ಮಾರಾಯ್ರೆ" ಅಂದರು, ಅಷ್ಟೇ. ಚಿಕ್ಕಪ್ಪ ಅಂಗಡಿ ಹುಡುಗನಿಗೆ ಬಿಟ್ಟು, ಅವರ ಜೊತೆ ತಾವೇ ಕಚೇರಿಗೆ ಹೋಗಿ ದೃಢೀಕೃತ ನಕಲಿಗೆ ಅರ್ಜಿ ಬರೆದುಕೊಟ್ಟು ಬಂದರು. ರಾತ್ರಿ ಊಟಕ್ಕೆ ಕೂತಾಗ ನನ್ನ ಮೇಲೆ ತಿರುಗಿದರು. "ಅಲ್ವೋ, ನೀನು ಇಂಜಿನಿಯರ್ರು. ಒಂದು ಹಾಳೆ ಹರೀತಾ ಇದೆ ಅಂತ ಗೊತ್ತಾಗೋಕೆ ನಿಮ್ಮ ಕಂಪ್ಯೂಟರಿಗೆ ಏನಾಗಿದೆ ಧಾಡಿ?"

ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಮಾಡೋದು ಸಾಫ್ಟ್‌ವೇರ್ ಕೆಲಸ. ಕಂಟ್ರೋಲ್ ಸಿಸ್ಟಮ್ಸ್ ಅನ್ನೋ ಸಬ್ಜೆಕ್ಟಿನಲ್ಲಿ ರೂಟ್ ಲೋಕಸ್, ಬೋಡೆ ಪ್ಲಾಟ್ ಅಂತ ಗ್ರಾಫ್ ಶೀಟಿನ ಮೇಲೆ ಗೆರೆ ಎಳೆದು ಪಾಸಾದವನು. ಉತ್ತರ ಹೊಳೆಯಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಒಂದಷ್ಟು ಓದಿದೆ. ಓದಿದಷ್ಟೂ ಚಿಕ್ಕಪ್ಪನ ಪ್ರಶ್ನೆ ಸರಿಯಾಗಿದೆ ಅನ್ನಿಸುತ್ತಾ ಹೋಯಿತು.

ಮೊದಲು ಒಳಗೆ ಏನು ನಡೆಯುತ್ತೆ ಅಂತ ಹೇಳ್ತೀನಿ. ನಾವು ದಿನಾ ಬಳಸೋ 80 ಜಿಎಸ್ಎಂ ಎ4 ಹಾಳೆ ತೂಗೋದು ಬರೀ 5 ಗ್ರಾಂ, ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ನಿಮಿಷಕ್ಕೆ 25 ಪ್ರತಿ ತೆಗೆಯೋ ಸಾಧಾರಣ ಯಂತ್ರ ಅಂದ್ರೂ 2.4 ಸೆಕೆಂಡಿಗೆ ಒಂದು ಹಾಳೆ ಹೊರಡಬೇಕು. ಟ್ರೇಯ ಮೇಲಿರೋ ರಬ್ಬರ್ ರೋಲರ್ ಬರೀ ಘರ್ಷಣೆಯಿಂದ ಮೇಲಿನ ಒಂದೇ ಹಾಳೆ ಎಳೀಬೇಕು. ಕೆಳಗಿನದು ಜೊತೆಗೆ ಬರದ ಹಾಗೆ ಇನ್ನೊಂದು ರಬ್ಬರ್ ತುಂಡು ಹಿಡಿದಿಟ್ಟುಕೊಳ್ಳಬೇಕು. ಆಮೇಲೆ ಹಾಳೆ ನಿಂತಿರೋ ಒಂದು ಜೋಡಿ ರೋಲರಿಗೆ ಹೋಗಿ ಮೂತಿ ತಾಗಿಸಿ, ಸ್ವಲ್ಪ ಉಬ್ಬಿ, ಸೊಟ್ಟ ಇದ್ದರೆ ನೆಟ್ಟಗಾಗುತ್ತೆ. ಅಲ್ಲಿಂದ ಡ್ರಮ್ಮಿನ ಮೇಲಿರೋ ಚಿತ್ರ ಬರೋ ಗಳಿಗೆಗೆ ಸರಿಯಾಗಿ ಹೊರಟು, ಟೋನರ್ ಹಚ್ಚಿಸಿಕೊಂಡು, 180 ಡಿಗ್ರಿ ಆಸುಪಾಸಿನ ಬಿಸಿ ರೋಲರುಗಳ ನಡುವೆ ತೂರಿ ಹೊರಗೆ ಬರುತ್ತೆ.

ಈ ದಾರಿಯುದ್ದಕ್ಕೂ ಅಲ್ಲಲ್ಲಿ ಸೆನ್ಸರುಗಳಿವೆ. ಹೆಚ್ಚಿನವು ಒಂದು ಸಣ್ಣ ಪ್ಲಾಸ್ಟಿಕ್ ಕಡ್ಡಿ. ಹಾಳೆ ಬಂದು ತಳ್ಳಿದಾಗ ಬೆಳಕಿನ ದಾರಿ ತೆರೆಯುತ್ತೆ ಅಥವಾ ಮುಚ್ಚುತ್ತೆ. ಕಂಟ್ರೋಲರ್ ಮಾಡೋ ಕೆಲಸ ಏನು ಅಂದ್ರೆ ಗಡಿಯಾರ ನೋಡೋದು. ಇಷ್ಟು ಮಿಲಿಸೆಕೆಂಡಿನೊಳಗೆ ಹಾಳೆ ಈ ಸೆನ್ಸರಿಗೆ ಬಂತಾ? ಬಂದರೆ ಸರಿ. ಬರಲಿಲ್ಲವಾ? ಜಾಮ್! ಎಲ್ಲ ಮೋಟಾರು ನಿಲ್ಲಿಸು, ನಂಬರ್ ತೋರಿಸು.

ನಮ್ಮ ಬಸ್ ಸ್ಟ್ಯಾಂಡಿನ ಟಿ.ಸಿ.ಯನ್ನು ನೆನೆಸಿಕೊಳ್ಳಿ. ಶಿವಮೊಗ್ಗದ ಬಸ್ಸು 10:15ಕ್ಕೆ ಬರಬೇಕು, 10:20 ಆದರೂ ಬರಲಿಲ್ಲ. ಟಿ.ಸಿ. ಏನು ಮಾಡ್ತಾರೆ? ಮಳೆ ಇದೆ, ದಾರಿಯಲ್ಲಿ ಮರ ಬಿದ್ದಿರಬಹುದು, ಸ್ವಲ್ಪ ನೋಡೋಣ ಅಂತ ಮುಂದಿನ ಬಸ್ಸನ್ನು ಹಿಂದೆಮುಂದೆ ಮಾಡಿ ಸರಿದೂಗಿಸ್ತಾರೆ. ಅದು ಬಿಟ್ಟು, ಐದು ನಿಮಿಷ ತಡ ಆಯ್ತು ಅಂತ ಸೀಟಿ ಊದಿ ಇಡೀ ಬಸ್ ಸ್ಟ್ಯಾಂಡನ್ನೇ ಬಂದ್ ಮಾಡಿದರೆ? ಅಗ್ಗದ ಕಾಪಿಯರುಗಳ ಕಂಟ್ರೋಲ್ ಬಹುಪಾಲು ಈ ಎರಡನೇ ಥರದ ಟಿ.ಸಿ.

ಹಾಳೆ ಯಾಕೆ ತಡ ಆಗುತ್ತೆ? ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಗದ ಅಂದ್ರೆ ಮರದ ನಾರು, ಗಾಳಿಯ ತೇವ ಕುಡಿಯುತ್ತೆ. ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ, ತೇವ ಹೀರಿದಾಗ ಅದಕ್ಕೆ ಅಡ್ಡ ದಿಕ್ಕಿನಲ್ಲಿ ಜಾಸ್ತಿ ಹಿಗ್ಗುತ್ತೆ. ಬಿಚ್ಚಿಟ್ಟ ಬಂಡಲಿನ ಅಂಚು ಮೊದಲು ತೇವ ಎಳೆದುಕೊಂಡು ಹಪ್ಪಳದ ಹಾಗೆ ಅಲೆಅಲೆಯಾಗುತ್ತೆ. ಅದೇ ಹಾಳೆ ಬಿಸಿ ರೋಲರಿನಿಂದ ಹೊರಬಂದಾಗ ತೇವ ಕಳೆದುಕೊಂಡು ಸುರುಳಿ ಸುತ್ತುತ್ತೆ. ಹಿಂದೆ ಮುಂದೆ ಎರಡೂ ಕಡೆ ಪ್ರಿಂಟ್ ಮಾಡುವಾಗ ಜಾಮ್ ಜಾಸ್ತಿ ಆಗೋಕೆ ಇದೂ ಒಂದು ಕಾರಣ. ಇದರ ಜೊತೆ ರೋಲರಿನ ರಬ್ಬರ್ ದಿನಾ ಸವೆಯುತ್ತೆ, ಕಾಗದದ ಧೂಳು ಕೂತು ನುಣ್ಣಗಾಗುತ್ತೆ, ಹಾಳೆ ಜಾರುತ್ತೆ. ಅಂದರೆ ಜುಲೈನ ಹಾಳೆ ಬೇರೆ, ಮಾರ್ಚ್‌ನ ಹಾಳೆ ಬೇರೆ. ಹೊಸ ರೋಲರ್ ಬೇರೆ, ಸವೆದ ರೋಲರ್ ಬೇರೆ. ಆದರೆ ಯಂತ್ರದ ಗಡಿಯಾರ ಮಾತ್ರ ಅದೇ!

ಇದು ಇವತ್ತಿನ ಕಾಯಿಲೆಯೂ ಅಲ್ಲ. ಸಾದಾ ಕಾಗದದ ಮೇಲೆ ಪ್ರತಿ ತೆಗೆಯೋ ಮೊದಲ ಯಶಸ್ವೀ ಆಫೀಸ್ ಯಂತ್ರ ಜೆರಾಕ್ಸ್ 914, 1959ರಲ್ಲಿ ಹೊರಬಂದದ್ದು. ತೂಕ ಸುಮಾರು 295 ಕೆಜಿ. ಒಳಗೆ ಹಾಳೆ ಸಿಕ್ಕಿಕೊಂಡರೆ ಬಿಸಿಗೆ ಹೊತ್ತಿಕೊಳ್ಳೋ ಸಾಧ್ಯತೆ ಇತ್ತು ಅಂತ ಕಂಪನಿಯವರು ಯಂತ್ರದ ಜೊತೆ ಬೆಂಕಿ ನಂದಿಸೋ ಸಿಲಿಂಡರನ್ನೂ ಕೊಡುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು 'ಸ್ಕಾರ್ಚ್ ಎಲಿಮಿನೇಟರ್'. ನಮ್ಮ ಮಾರ್ಕೆಟಿಂಗ್‌ನವರು ಬಗ್‌ಗೆ 'ಫೀಚರ್' ಅನ್ನೋದು ಹೊಸದೇನಲ್ಲ ಬಿಡಿ :-)

ಹಾಗಾದರೆ ಬುದ್ಧಿವಂತ ಕಂಟ್ರೋಲ್ ಅನ್ನೋದು ಸಾಧ್ಯವೇ ಇಲ್ಲವಾ? ಇದೆ ಸ್ವಾಮಿ, ಯಾವತ್ತೋ ಮಾಡಿ ತೋರಿಸಿದ್ದಾರೆ. ಕ್ಯಾಲಿಫೋರ್ನಿಯಾದ ಪಾರ್ಕ್ ಅನ್ನೋ ಸಂಶೋಧನಾ ಕೇಂದ್ರ (ಜೆರಾಕ್ಸ್ ಕಂಪನಿಯದ್ದಾಗಿತ್ತು, 2023ರಲ್ಲಿ ಎಸ್‌ಆರ್‌ಐ ಸಂಸ್ಥೆಗೆ ಹೋಯಿತು) 2000ದ ಆಸುಪಾಸಿನಲ್ಲಿ ರೋಲರೇ ಇಲ್ಲದೆ ಹಾಳೆ ಸಾಗಿಸೋ ಒಂದು ಹಲಗೆ ಮಾಡಿತ್ತು. ಅದರಲ್ಲಿ 1,152 ಸಣ್ಣ ಗಾಳಿಯ ಚಿಲುಮೆಗಳು, 32,000 ಬೆಳಕಿನ ಸೆನ್ಸರುಗಳು. ಹಾಳೆ ಗಾಳಿಯಲ್ಲಿ ತೇಲುತ್ತಿರುತ್ತೆ. ಅದರ ಅಂಚು ಈಗ ಎಲ್ಲಿದೆ ಅಂತ ಮತ್ತೆ ಮತ್ತೆ ನೋಡಿಕೊಂಡು, ಬೇಕಾದ ಚಿಲುಮೆಯಿಂದ ಬೇಕಾದಷ್ಟೇ ಗಾಳಿ ಊದಿ ಅದನ್ನು ಸರಿಸುತ್ತಿದ್ದರು.

ಅದೇ ಕೇಂದ್ರದವರು ಆಮೇಲೆ ನಾಲ್ಕು ಪ್ರಿಂಟ್ ಎಂಜಿನುಗಳನ್ನು ಸೇರಿಸಿ ಒಂದು ದೊಡ್ಡ ಮಾದರಿ ಯಂತ್ರ ಕಟ್ಟಿದರು. ಅದರಲ್ಲಿ ಬೇರೆಬೇರೆಯಾಗಿ ನಡೆಸಬಹುದಾದ 170ಕ್ಕೂ ಹೆಚ್ಚು ಭಾಗಗಳು. ಪ್ರತಿ ಹಾಳೆಗೂ ಸಾಫ್ಟ್‌ವೇರ್ ಆಗಿಂದಾಗ್ಗೆ ದಾರಿ ಯೋಚಿಸುತ್ತೆ. ಎಲ್ಲೋ ಒಂದು ಕಡೆ ಸಿಕ್ಕಿಕೊಂಡರೆ, ಆಗಲೇ ಹೊರಟಿರೋ ಉಳಿದ ಹಾಳೆಗಳಿಗೆ ಬೇರೆ ದಾರಿ ಹುಡುಕುತ್ತೆ. ಈ ಕೆಲಸದ ವಿವರ 2011ರಲ್ಲಿ ಕೃತಕ ಬುದ್ಧಿಮತ್ತೆಯ ಸಂಶೋಧನಾ ಪತ್ರಿಕೆಯೊಂದರಲ್ಲಿ ಪ್ರಕಟವಾಗಿದೆ. ಅದು ಓದುವಾಗ ನನಗೆ ಅನ್ನಿಸಿದ್ದು, ಓಹೋ, ಇದು ನಮ್ಮ ಟಿ.ಸಿ.ಯ ಕೆಲಸ!

"ಅಷ್ಟೆಲ್ಲ ದುಬಾರಿ ಸಾಮಾನು ಚಿಕ್ಕಪ್ಪನ ಅಂಗಡಿಗೆ ಯಾಕೆ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗಾಳಿಯಲ್ಲಿ ತೇಲಿಸಿ ಅಂತ ನಾನೂ ಕೇಳ್ತಿಲ್ಲ. ನಾನು ಕೇಳೋದು ಹೆಚ್ಚಿನಂಶ ಸಾಫ್ಟ್‌ವೇರಿನಲ್ಲೇ ಆಗೋ ಕೆಲಸ.

ಒಂದು ಉದಾಹರಣೆ. ಹಾಳೆ ಮೊದಲ ಸೆನ್ಸರಿಗೆ ಎಷ್ಟು ಹೊತ್ತಿಗೆ ಬಂತು ಅನ್ನೋ ಲೆಕ್ಕ ಯಂತ್ರದ ಕೈಯಲ್ಲಿ ಹೇಗೂ ಇದೆ. ಇಲ್ಲದಿದ್ದರೆ ತಡ ಆಯ್ತು ಅಂತ ಹೇಗೆ ಗೊತ್ತಾಗಬೇಕು? ಆ ಲೆಕ್ಕವನ್ನು ಬಂತು ಅಥವಾ ಬರಲಿಲ್ಲ ಅಂತ ಎರಡೇ ಮಾತಿಗೆ ಇಳಿಸಿ ಬಿಸಾಡಬೇಡಿ, ಇಟ್ಟುಕೊಳ್ಳಿ. ಕಳೆದ ನೂರು ಹಾಳೆಗಳು ಒಂದೊಂದಾಗಿ ಸ್ವಲ್ಪ ಸ್ವಲ್ಪ ತಡ ಆಗುತ್ತಾ ಬಂದಿದ್ದರೆ ಹಾಳೆ ಜಾರುತ್ತಿದೆ ಅಂತ ಅರ್ಥ. ಆಗ ಮುಂದಿನ ಹಾಳೆಯನ್ನು ಸ್ವಲ್ಪ ಮುಂಚೆ ಹೊರಡಿಸಿ. ಒಂದು ಸಲ ಎಳೆದಾಗ ಬರಲಿಲ್ಲವಾ, ನಿಲ್ಲಿಸಿ ಇನ್ನೊಂದು ಸಲ ಎಳೆಯಿರಿ. ಮಧ್ಯದ ರೋಲರಿಗೆ ಬೇರೆ ಮೋಟಾರ್ ಇದ್ದರೆ ತುಸು ಜೋರಾಗಿ ಓಡಿಸಿ ತಡವಾದದ್ದನ್ನು ಸರಿದೂಗಿಸಿ. ಮಳೆಗಾಲದಲ್ಲಿ ನಿಮಿಷಕ್ಕೆ 25ರ ಬದಲು 18 ಪ್ರತಿ ಬಂದರೂ ಪರವಾಗಿಲ್ಲ, ಜಾಮ್ ತೆಗೆಯೋಕೆ ಮುಚ್ಚಳ ಬಿಚ್ಚಿ ಕೂರೋ ಹತ್ತು ನಿಮಿಷ ಉಳಿದರೆ ಲಾಭವೇ. ಇವುಗಳಲ್ಲಿ ಕೆಲವನ್ನು, ಎರಡನೇ ಸಲ ಎಳೆಯೋದನ್ನಂತೂ, ಈಗಾಗಲೇ ಹಲವು ಯಂತ್ರಗಳು ಮಾಡುತ್ತವೆ. ಎಲ್ಲವೂ ಎಲ್ಲ ಕಡೆ ಸಾಮಾನ್ಯ ಆಗಬೇಕು ಅನ್ನೋದು ನನ್ನ ವಾದ.

ಇನ್ನು ಮೇಲಿನ ಫೀಡರ್. ನನ್ನ ಪ್ರಕಾರ ಅದಕ್ಕೆ ನಿಯಮವೇ ಬೇರೆ ಇರಬೇಕು. ಕೆಳಗಿನ ಟ್ರೇಯಲ್ಲಿ ಹರಿಯೋದು ಒಂದು ಖಾಲಿ ಹಾಳೆ, ಬಿಸಾಕಿ ಇನ್ನೊಂದು ತಗೊಂಡರಾಯ್ತು. ಮೇಲಿನ ಫೀಡರಿನಲ್ಲಿ ಹರಿಯೋದು ಒಬ್ಬರ ಮಾರ್ಕ್ಸ್ ಕಾರ್ಡು, ಒಬ್ಬರ ಹಕ್ಕುಪತ್ರ. ಅಲ್ಲಿ ಅನುಮಾನ ಬಂದ ಮೊದಲ ಕ್ಷಣದಲ್ಲೇ ನಿಲ್ಲಬೇಕು. ಎಡಗಡೆ ಒಂದು, ಬಲಗಡೆ ಒಂದು ಸೆನ್ಸರ್ ಇಟ್ಟರೆ ಹಾಳೆ ಸೊಟ್ಟಗೆ ಬರ್ತಾ ಇದೆ ಅಂತ ಎರಡರ ಸಮಯದ ವ್ಯತ್ಯಾಸದಲ್ಲೇ ಗೊತ್ತಾಗುತ್ತೆ.

ಅದಕ್ಕಿಂತ ಮಜಾ ವಿಷಯ ಕೇಳಿ. ದೊಡ್ಡ ಕಚೇರಿಗಳಲ್ಲಿ ಬಳಸೋ ಕೆಲವು ಡಾಕ್ಯುಮೆಂಟ್ ಸ್ಕ್ಯಾನರುಗಳಲ್ಲಿ ಒಂದು ಮೈಕ್ ಇರುತ್ತೆ. ಹಾಳೆ ಸುಕ್ಕಾಗೋ ಸದ್ದು ಕೇಳಿದ ತಕ್ಷಣ ಎಳೆಯೋದು ನಿಲ್ಲಿಸಿಬಿಡುತ್ತೆ. ಎರಡು ಹಾಳೆ ಒಟ್ಟಿಗೆ ಬಂದರೆ ಕಂಡುಹಿಡಿಯೋಕೆ ಅಲ್ಟ್ರಾಸೌಂಡ್ ಇದೆ, ಎರಡು ಹಾಳೆಗಳ ನಡುವಿನ ತೆಳು ಗಾಳಿಯ ಪದರ ದಾಟುವಾಗ ಸದ್ದು ಕ್ಷೀಣಿಸುತ್ತಲ್ಲ, ಅದನ್ನು ಹಿಡಿಯುತ್ತೆ. ಇದನ್ನು ಓದಿದಾಗ ಚಿಲ್ಲರೆ ಬಿಟ್ಟು ತಿರುಗಿದ ಚಿಕ್ಕಪ್ಪನ ಮುಖ ಕಣ್ಣ ಮುಂದೆ ಬಂತು. ಅವರ ಕಿವಿ ಮಾಡಿದ ಕೆಲಸವನ್ನೇ ಆ ಮೈಕ್ ಮಾಡೋದು! ಮೈಕ್ ಏನು ಬಂಗಾರದ್ದಾ? ಅತಿ ಅಗ್ಗದ ಮೊಬೈಲಿನಲ್ಲೂ ಒಂದು ಇರುತ್ತೆ. ದೊಡ್ಡ ಕಚೇರಿಯ ಚೆಕ್ಕಿಗೆ, ಫಾರ್ಮಿಗೆ ಇರೋ ಕಾಳಜಿ ಹಳ್ಳಿಯವರ ಹಕ್ಕುಪತ್ರಕ್ಕೆ ಯಾಕಿಲ್ಲ?

ಎರಡನೇ ದೂರು ಇನ್ನೂ ದೊಡ್ಡದು. ಯಂತ್ರ ತನಗೆ ಗೊತ್ತಿರೋದನ್ನು ಹೇಳಲ್ಲ. ಚಿಕ್ಕಪ್ಪನಿಗೆ ಕಂಡಿದ್ದು ಒಂದು ನಂಬರ್. ಅದರ ಅರ್ಥ ಬರೆದಿರೋ ಪುಸ್ತಕ ಮೆಕ್ಯಾನಿಕ್ ಹತ್ತಿರ ಇದೆ, ಸರ್ವೀಸ್ ಮೋಡ್ ತೆರೆಯೋ ಕೋಡೂ ಅವರ ಹತ್ತಿರವೇ. ಅವರು ಶಿವಮೊಗ್ಗದಿಂದ ಬರಬೇಕು, ಬರೋದು ವಾರಕ್ಕೆ ಒಂದು ಸಲ. ಬಂದವರು ಯಂತ್ರ ಓಡಿಸಿ, ಕಿವಿಗೊಟ್ಟು ಕೇಳಿ, "ಪಿಕಪ್ ರೋಲರ್ ಹೋಗಿದೆ" ಅಂತಾರೆ. ಅದೇ ಮಾತನ್ನು ಯಂತ್ರ ಒಂದು ತಿಂಗಳ ಹಿಂದೆಯೇ ಹೇಳಬಹುದಿತ್ತಲ್ಲ!

ಈ ಗುಟ್ಟಿನ ಕಥೆಯೂ ಹಳೇದು. ನಮ್ಮಲ್ಲಿ ಲಿನಕ್ಸ್ ಬಳಸೋ ಹಲವರಿಗೆ ಇದು ಗೊತ್ತಿರುತ್ತೆ, ಗೊತ್ತಿಲ್ಲದವರಿಗೆ ಹೇಳ್ತೀನಿ. 1980ರ ಆಸುಪಾಸು, ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಪ್ರೋಗ್ರಾಮರ್ ಆಗಿದ್ದರು. ಹಳೇ ಪ್ರಿಂಟರ್ ಜಾಮ್ ಆದರೆ, ಪ್ರಿಂಟಿಗೆ ಕಾಯುತ್ತಿರೋ ಎಲ್ಲರಿಗೂ ಮೆಸೇಜ್ ಹೋಗೋ ಹಾಗೆ ಅವರು ಸಾಫ್ಟ್‌ವೇರ್ ತಿದ್ದಿದ್ದರು. ಯಾರಾದರೂ ಒಬ್ಬರು ಎದ್ದು ಹೋಗಿ ಸರಿ ಮಾಡ್ತಿದ್ದರು. ಆಮೇಲೆ ಜೆರಾಕ್ಸ್‌ನ ಹೊಸ ಲೇಸರ್ ಪ್ರಿಂಟರ್ ಬಂತು, ಆದರೆ ಅದರ ಸೋರ್ಸ್ ಕೋಡ್ ಬರಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಒಬ್ಬರ ಹತ್ತಿರ ಕೋಡ್ ಇದೆ ಅಂತ ಕೇಳಿಕೊಂಡು ಹೋದರೆ, ಯಾರಿಗೂ ಕೊಡಲ್ಲ ಅಂತ ಒಪ್ಪಂದ ಮಾಡಿಕೊಂಡಿದ್ದೀನಿ ಅಂದರು. ಸ್ಟಾಲ್‌ಮನ್ ಆ ಸಿಟ್ಟನ್ನು ಮರೆಯಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಅವರು ಗ್ನೂ ಯೋಜನೆ ಘೋಷಿಸಿದರು. ಸ್ವತಂತ್ರ ತಂತ್ರಾಂಶದ ಚಳವಳಿಗೆ ಒಂದು ಕಿಡಿ ಹತ್ತಿದ್ದು ಪೇಪರ್ ಜಾಮಿನಿಂದ ಅಂದರೆ ಸುಳ್ಳಲ್ಲ. ಗಮನಿಸಿ, ಅವರು ಕೇಳಿದ್ದು ಜಾಮ್ ಆಗದ ಯಂತ್ರವನ್ನಲ್ಲ. ಜಾಮ್ ಆದರೆ ಹೇಳೋ ಯಂತ್ರವನ್ನು. ನಾಲ್ಕು ದಶಕ ಕಳೆದರೂ ನಮ್ಮ ಚಿಕ್ಕಪ್ಪ ಅದನ್ನೇ ಕೇಳ್ತಿದ್ದಾರೆ.

"ಎಲ್ಲ ಹೇಳಿಬಿಟ್ಟರೆ ಜನ ತಾವೇ ಬಿಚ್ಚಿ ಹಾಳು ಮಾಡ್ತಾರೆ, ಬಿಸಿ ರೋಲರಿಗೆ ಕೈ ಸುಟ್ಟುಕೊಳ್ತಾರೆ" ಅನ್ನೋ ವಾದ ಇದೆ. ಒಪ್ಪಿದೆ, ಬಿಸಿ ಜಾಗಕ್ಕೆ ಕೈ ಹಾಕಬಾರದು, ಅದನ್ನೂ ಸ್ಪಷ್ಟವಾಗಿ ಹೇಳಲಿ. ಆದರೆ ಯಾವ ಭಾಗ ಸವೆದಿದೆ ಅಂತ ಹೇಳೋದಕ್ಕೂ ಕೈ ಸುಡೋದಕ್ಕೂ ಸಂಬಂಧ ಇಲ್ಲ. ನಮ್ಮ ದೇಶದಲ್ಲೂ 2022ರ ಡಿಸೆಂಬರಿನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿದೆ. ರಿಪೇರಿ ಹಕ್ಕು ಅಂದ್ರೆ ಬರೀ ಬಿಡಿಭಾಗ ಸಿಗೋದಲ್ಲ, ಏನಾಗಿದೆ ಅಂತ ತಿಳಿಯೋ ಹಕ್ಕೂ ಹೌದು ಅಂತ ನನ್ನ ಅಭಿಪ್ರಾಯ.

ಇನ್ನೊಂದು ಆಸೆ ಇದೆ. ಅದು ಕನ್ನಡದಲ್ಲಿ ಹೇಳಲಿ. ಯೂನಿಕೋಡ್ ಬಂದು ಎಷ್ಟು ಕಾಲ ಆಯ್ತು, ನಾವಿಲ್ಲಿ ಕನ್ನಡದಲ್ಲೇ ಕುಟ್ಟುತ್ತಾ ಕೂತಿದ್ದೀವಿ. ದಿನವಿಡೀ ಕನ್ನಡದ ಪಹಣಿ ಪ್ರತಿ ಮಾಡೋ ಯಂತ್ರದ ಪರದೆಯಲ್ಲಿ "ಎರಡನೇ ಟ್ರೇಯಿಂದ ಹಾಳೆ ಒಂದು ವಾರದಿಂದ ಜಾರುತ್ತಿದೆ, ರೋಲರ್ ಒರೆಸಿ ನೋಡಿ, ಸರಿಹೋಗದಿದ್ದರೆ ಬದಲಿಸಿ" ಅಂತ ಒಂದು ಸಾಲು ಬಂದರೆ ಅಂಗಡಿ ಹುಡುಗನಿಗೆ ಎಷ್ಟು ಅನುಕೂಲ! ಆ ಹುಡುಗನದ್ದೇ ತಪ್ಪು ಅಂತ ಅವತ್ತು ಜನ ಗೊಣಗಿದರು. ನನಗೆ ಹಾಗೆ ಅನ್ನಿಸಲ್ಲ. ಅವನು ಗಡಿಬಿಡಿಯಲ್ಲಿ ಒಂದು ತಪ್ಪು ಮಾಡಿದ, ಮನುಷ್ಯ ಮಾಡೋಂಥದ್ದೇ. ಆ ತಪ್ಪಿಗೆ ಸುಕ್ಕಾದ ಕಾಗದ ಹೊರಬರಬೇಕಿತ್ತು, ಹರಿದ ಕಾಗದ ಅಲ್ಲ. ಆ ಅರ್ಧ ಅಡಿ ಎಳೆದದ್ದು ಹುಡುಗ ಅಲ್ಲ, ಎಲ್ಲೋ ಕೂತು ನನ್ನಂಥವನೊಬ್ಬ ಬರೆದ ಕೋಡ್.

ಎಲ್ಲಾ ಜಾಮ್‌ಗೂ ಸಾಫ್ಟ್‌ವೇರ್ ಮದ್ದು ಅಂತ ನಾನು ಹೇಳಲ್ಲ. ಒದ್ದೆ ಹಾಳೆಗೆ ಯಾವ ಅಲ್ಗಾರಿದಮ್ಮೂ ಇಲ್ಲ. ಚಿಕ್ಕಪ್ಪ ಈಗಲೂ ಬಂಡಲನ್ನು ಬಿಚ್ಚಿದ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡ್ತಾರೆ, ಟ್ರೇಗೆ ಹಾಕೋ ಮುಂಚೆ ಹಾಳೆಗಳನ್ನು ಇಸ್ಪೀಟ್ ಎಲೆಯ ಹಾಗೆ ಬಿಡಿಸಿ ಗಾಳಿ ಆಡಿಸ್ತಾರೆ. ಟ್ರೇ ಬೆಚ್ಚಗಿಡೋ ಹೀಟರುಗಳೂ ಕೆಲವು ಯಂತ್ರಗಳಿಗೆ ಸಿಗುತ್ತವೆ, ಮಲೆನಾಡಿನಲ್ಲಿ ಯಂತ್ರ ಮಾರುವವರು ಅದನ್ನು ಹೇಳಿ ಮಾರಬೇಕು. ಆದರೆ ಮನುಷ್ಯ ತನ್ನ ಪಾಲಿನ ಜಾಗ್ರತೆ ಮಾಡಿದ ಮೇಲೆ, ಯಂತ್ರವೂ ತನ್ನ ಪಾಲಿನದು ಮಾಡಬೇಕಲ್ವಾ?

ಮೊನ್ನೆ ಚಿಕ್ಕಪ್ಪನಿಗೆ ಫೋನ್ ಮಾಡಿದ್ದೆ. ದೃಢೀಕೃತ ನಕಲು ಇನ್ನೂ ಬಂದಿಲ್ಲವಂತೆ, ವಾರಕ್ಕೊಂದು ಸಲ ಅವರೇ ಹೋಗಿ ಕೇಳಿ ಬರ್ತಾರಂತೆ. ಯಂತ್ರದ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿದ್ದಾರಂತೆ, ಸ್ಕೆಚ್ ಪೆನ್ನಿನಲ್ಲಿ ಬರೆದು: "ಹಳೇ ಒರಿಜಿನಲ್ ಮೇಲಿಂದ ಹಾಕಬಾರದು." ಪ್ರಿಂಟರ್ ಫರ್ಮ್‌ವೇರ್ ಬರೆಯೋ ಕೆಲಸದಲ್ಲಿರೋರು ಯಾರಾದರೂ ಇದನ್ನು ಓದ್ತಾ ಇದ್ದರೆ, ಆ ಚೀಟಿಯ ಕೆಲಸ ನಿಮ್ಮದು ಅಂತ ದಯವಿಟ್ಟು ನೆನಪಿಟ್ಟುಕೊಳ್ಳಿ. ಉಳಿದವರು, ನಿಮ್ಮ ಊರಿನ ಜೆರಾಕ್ಸ್ ಅಂಗಡಿಯವರು ಮಳೆಗಾಲ ಹೇಗೆ ಕಳೀತಾರೆ ಅಂತ ಕೇಳಿ ನೋಡಿ. ಅವರ ಉಪಾಯಗಳು ಏನಾದರೂ ಇದ್ದರೆ ನನಗೂ ತಿಳಿಸಿ, ಚಿಕ್ಕಪ್ಪನಿಗೆ ಹೇಳ್ತೀನಿ.